ಕ್ಲಾರಿಸ್ ಬೆಕೆಟ್ ಮತ್ತು ಆಕೆಯ ವಾತಾವರಣ ಚಿತ್ರಗಳು

ಆಸ್ಟ್ರೇಲಿಯದ ವಿಕ್ಟೋರಿಯಾ ಸಂಸ್ಥಾನದ ಬೆನಾಲ ಎಂಬ ಊರಿನ ಸಮೀಪ, ಹುಲ್ಲು ಕೂಡಿಡುವ ಒಂದು ಕೊಟ್ಟಿಗೆಯಲ್ಲಿ, 1970ರ ಸುಮಾರಿಗೆ ಎರಡು ಸಾವಿರದಷ್ಟು ವರ್ಣಚಿತ್ರಗಳು ರಾಶಿಯಾಗಿ ಬಿದ್ದಿದ್ದುದು ಬೆಳಕಿಗೆ ಬಂದಿತು. ಕೊಟ್ಟಿಗೆಗೆ ಒಂದು ಕಡೆ ಗೋಡೆ ಇರಲಿಲ್ಲ. ಮಳೆ, ಬಿಸಿಲು, ಇಲಿ, ಹಕ್ಕಿ ಇವುಗಳಿಗೆ ಮೂವತ್ತು ವರ್ಷಕ್ಕೂ ಮಿಗಿಲಾಗಿ ತೆರೆದುಕೊಂಡಿದ್ದ ಆ ರಾಶಿಯಲ್ಲಿ ಮತ್ತೆ ನೋಡಲು ಯೋಗ್ಯವಾಗಿ ಉಳಿದವು 369 ಮಾತ್ರ. ಅವನ್ನು ಬರೆದ ಕ್ಲಾರಿಸ್ ಬೆಕೆಟ್ ತೀರಿಕೊಂಡು ಆಗ ಮೂವತ್ತೈದು ವರ್ಷಗಳಾಗಿದ್ದುವು. ಆಕೆಯ ಹೆಸರು ಅಲ್ಲಿಯ ಕಲಾಚರಿತ್ರೆಯ ಗ್ರಂಥಗಳಿಂದ ಬಹುಮಟ್ಟಿಗೆ ಅಳಿಸಿಹೋಗಿತ್ತು. ಇಂದು ಅದೇ ದೇಶದ ದೊಡ್ಡ ಸಂಗ್ರಹಾಲಯಗಳೆಲ್ಲ ಆಕೆಯ ಚಿತ್ರಗಳನ್ನು ಅಭಿಮಾನದಿಂದ ತೂಗುಹಾಕಿವೆ.

ಕನ್ನಡಿಗರ ಸಂಘವೊಂದರ ತ್ರೈಮಾಸಿಕದಲ್ಲಿ ಆಸ್ಟ್ರೇಲಿಯದ ಚಿತ್ರಕರ್ತ್ರಿಗೇನು ಕೆಲಸವೆಂದು ವಾಚಕರು ಕೇಳಬಹುದು. ಉತ್ತರ ಎರಡು ತೆರನಾದುದು. ಮೊದಲನೆಯದಾಗಿ, ಈಕೆ ಹುಟ್ಟಿದ್ದು 1887ರಲ್ಲಿ; ನಮ್ಮ ಕೆ. ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ. ವೆಂಕಟಪ್ಪನವರು ಉದಕಮಂಡಲ ಮತ್ತು ಕೊಡೈಕಾನಲ್ಲುಗಳ ಮಂಜು, ಮೋಡ, ಬೆಳದಿಂಗಳುಗಳನ್ನು ಜಲವರ್ಣದಲ್ಲಿ ಹಿಡಿಯಲು ಯತ್ನಿಸುತ್ತಿದ್ದ ಕಾಲದಲ್ಲಿಯೇ, ಮಹಾಸಾಗರದ ಆಚೆ, ಅವರ ಹೆಸರನ್ನೂ ಕೇಳದ ಈ ಸ್ತ್ರೀ ಮೆಲ್ಬರ್ನ್ ನಗರದ ಅಂಚಿನ ಕಡಲತೀರದಲ್ಲಿ ಅದೇ ಮಂಜನ್ನು ತೈಲವರ್ಣದಲ್ಲಿ ಹಿಡಿಯುತ್ತಿದ್ದಳು. ಒಬ್ಬರನ್ನು ಬಲ್ಲ ನಮಗೆ ಇನ್ನೊಬ್ಬಳು ಪರಕೀಯಳಲ್ಲ. ಎರಡನೆಯದು ಸ್ವಲ್ಪ ಕಷ್ಟದ ಪ್ರಶ್ನೆ. ಈಕೆಯ ಕುರಿತು ಈಚೆಗೆ ಬಂದಿರುವ ಬರವಣಿಗೆಯಲ್ಲಿ ಅನುಕಂಪವು ವಿಮರ್ಶೆಯ ಸ್ಥಾನವನ್ನು ಆಕ್ರಮಿಸಿಕೊಂಡಿದೆ. ತಂದೆತಾಯಿಗಳ ಶುಶ್ರೂಷೆಯಲ್ಲಿ ಸವೆದುಹೋದ ಮಗಳು, ಬಿಡುವು ಸಿಕ್ಕಾಗ ಮುಸ್ಸಂಜೆಯನ್ನು ಬರೆದ ಪಾಪದ ಹೆಣ್ಣು ಎಂಬ ಚಿತ್ರವೊಂದು ರೂಢವಾಗಿದೆ. ಈ ಕಥೆ ಸುಳ್ಳಲ್ಲ. ಆದರೆ ಇದು ಆಕೆಯ ಕಲೆಗೆ ಕಾರಣವನ್ನು ಅಡಿಗೆಮನೆಯಲ್ಲಿ ಹುಡುಕುತ್ತದೆ. ಹಾಗೆ ಹುಡುಕುವುದು ಸರಿಯಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಜೀವನವೃತ್ತಾಂತ ದೀರ್ಘವಾದುದಲ್ಲ. 1887ನೆಯ ಇಸವಿ ಮಾರ್ಚ್ 21ರಂದು ವಿಕ್ಟೋರಿಯಾದ ಪಶ್ಚಿಮ ಭಾಗದ ಕಾಸ್ಟರ್ಟನ್ ಎಂಬ ಊರಿನಲ್ಲಿ ಆಕೆಯ ಜನನ. ತಂದೆ ಜೋಸೆಫ್ ಕ್ಲಿಫ್ಡನ್ ಬೆಕೆಟ್ ಬ್ಯಾಂಕಿನ ವ್ಯವಸ್ಥಾಪಕನಾಗಿದ್ದನು. (ನನ್ನ ವೃತ್ತಿಬಾಂಧವನ ಬಗ್ಗೆ ಮುಂದೆ ಒಂದೆರಡು ಕಟುವಾದ ಮಾತುಗಳನ್ನು ಆಡಬೇಕಾಗುವುದು.) ಬಲ್ಲರಾಟ್ ನಗರದಲ್ಲಿ ವಿದ್ಯಾಭ್ಯಾಸ. ಚಿತ್ರಕಲೆಯ ಶಾಸ್ತ್ರೀಯ ಶಿಕ್ಷಣಕ್ಕೆ ಸೇರಿದಾಗ ಆಕೆಗೆ ಇಪ್ಪತ್ತೇಳು ವರ್ಷ. ಅಂದಿನ ದಿನಕ್ಕೆ ಅದು ತಡವೆಂದೇ ಹೇಳಬೇಕು. 1914ರಲ್ಲಿ ಮೆಲ್ಬರ್ನಿನ ರಾಷ್ಟ್ರೀಯ ಚಿತ್ರಶಾಲೆಗೆ ಹೊಂದಿದ್ದ ವಿದ್ಯಾಲಯದಲ್ಲಿ ಫ್ರೆಡರಿಕ್ ಮೆಕ್‌ಕಬ್ಬಿನ್ ಎಂಬ ಪ್ರಖ್ಯಾತ ಚಿತ್ರಕಾರನ ಕೈಕೆಳಗೆ ಮೂರು ವರ್ಷ ರೇಖಾಭ್ಯಾಸ ಮಾಡಿದಳು. ಕ್ರಮದ ಮುಂದಿನ ಮೆಟ್ಟಿಲು ಅದೇ ವಿದ್ಯಾಲಯದ ವರ್ಣಚಿತ್ರ ವರ್ಗ. ಆಕೆ ಅಲ್ಲಿಗೆ ಹೋಗಲಿಲ್ಲ. 1917ರಲ್ಲಿ ಮ್ಯಾಕ್ಸ್ ಮೆಲ್ಡ್ರಮ್ ಎಂಬಾತನ ಖಾಸಗಿ ಶಾಲೆಯನ್ನು ಹೊಕ್ಕು ಒಂಬತ್ತು ತಿಂಗಳು ಕಲಿತಳು. ಈ ಬದಲಾವಣೆಯನ್ನು ಜೀವನಚರಿತ್ರಕಾರರು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ನನ್ನ ಮತದಲ್ಲಿ ಆಕೆಯ ಬಾಳಿನ ಅತ್ಯಂತ ಮಹತ್ವದ ನಿರ್ಧಾರ ಇದೇ. ಮತ್ತು ಅದನ್ನು ಮಾಡಿದಾಗ ಶುಶ್ರೂಷೆಯ ಪ್ರಶ್ನೆ ಇನ್ನೂ ಎದ್ದಿರಲಿಲ್ಲ.

ಮೆಲ್ಡ್ರಮ್ ಎಡಿನ್‌ಬರೋ ನಗರದಲ್ಲಿ 1875ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮೆಲ್ಬರ್ನಿಗೆ ಬಂದವನು. ಶಿಷ್ಯವೇತನ ಪಡೆದು ಫ್ರಾನ್ಸಿನಲ್ಲಿ ಹಲವು ವರ್ಷ ಕಳೆದವನು. ಹಟಮಾರಿ, ವಾದಪ್ರಿಯ. ಚಿತ್ರಕಲೆ ಒಂದು ಶಾಸ್ತ್ರ, ಅದಕ್ಕೆ ಬದಲಾಗದ ನಿಯಮಗಳಿವೆ ಎಂಬುದು ಆತನ ಸಿದ್ಧಾಂತ. ಕಣ್ಣಿಗೆ ಕಾಣುವ ವಸ್ತುವಿನಲ್ಲಿ ಮೊದಲು ಗ್ರಹಿಸಬೇಕಾದುದು ಬೆಳಕು-ಕತ್ತಲೆಗಳ ಪ್ರಮಾಣ, ಅಂದರೆ ಒಂದು ಮಚ್ಚೆ ಇನ್ನೊಂದಕ್ಕಿಂತ ಎಷ್ಟು ಕಪ್ಪು ಅಥವಾ ಎಷ್ಟು ಬಿಳುಪು ಎಂಬುದು. ಇದನ್ನು ನಾವು ಛಾಯಾಮಾನವೆನ್ನೋಣ. ಅದರ ಅನಂತರ ಆಕಾರಗಳ ಪರಸ್ಪರ ಅಳತೆ; ಕೊನೆಯಲ್ಲಿ ಬಣ್ಣ. ರೇಖೆಗೆ ಈ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಏಕೆಂದರೆ ನಿಸರ್ಗದಲ್ಲಿ ರೇಖೆಯೆಂಬುದು ಇಲ್ಲ, ಒಂದು ಛಾಯೆ ಮತ್ತೊಂದು ಛಾಯೆಯನ್ನು ಮುಟ್ಟುವ ಅಂಚು ಮಾತ್ರ ಇದೆ. ಶಿಷ್ಯರು ಕಣ್ಣನ್ನು ಅರೆಮುಚ್ಚಿ ದೂರದಿಂದ ನೋಡಬೇಕು, ಹೆಚ್ಚು ಕಡಮೆಗಳನ್ನು ತೂಗಬೇಕು, ಮುಂದೆ ಬಂದು ಮಚ್ಚೆಯಿಡಬೇಕು, ಮತ್ತೆ ಹಿಂದೆ ಸರಿಯಬೇಕು. ಮರವನ್ನು ಮರವೆಂದು ತಿಳಿದು ಬರೆಯತಕ್ಕದ್ದಲ್ಲ. ಎದುರಿಗಿರುವ ಮಚ್ಚೆಯನ್ನು ಬರೆದರೆ ಮರ ತಾನಾಗಿ ಆಗುತ್ತದೆ.

ಈ ಸಿದ್ಧಾಂತವನ್ನು ಕೇಳಿದ ಭಾರತೀಯ ವಾಚಕನಿಗೆ ತಕ್ಷಣ ವಿರೋಧ ಹೊಳೆಯಬೇಕು. ನಮ್ಮಲ್ಲಿ ರೇಖೆಯೇ ಪ್ರಾಣ. ಅಜಂತೆಯಿಂದ ಮೈಸೂರಿನ ಗಂಜೀಫ ಎಲೆಗಳವರೆಗೆ ಚಿತ್ರಗಾರನ ಕೈಚಳಕವನ್ನು ಅಳೆಯುತ್ತಿದ್ದುದು ಅವನು ಎಳೆದ ಗೆರೆಯಿಂದ. ಆದರೆ ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಈ ವಿಷಯವಾಗಿ ಒಂದು ಸ್ವಾರಸ್ಯವಾದ ವಿಭಾಗವಿದೆ. ಆಚಾರ್ಯರ ಮೆಚ್ಚಿಕೆ ರೇಖೆಗೆ ಸಲ್ಲುವುದೆಂದೂ ವಿಚಕ್ಷಣರ ಮೆಚ್ಚಿಕೆ ‘ವರ್ತನೆ’ಗೆ, ಎಂದರೆ ನೆಳಲು-ಬೆಳಕಿನ ಏರಿಳಿತಕ್ಕೆ, ಸಲ್ಲುವುದೆಂದೂ ಅದು ಹೇಳುತ್ತದೆ, ಸ್ತ್ರೀಯರ ಪಾಲಿಗೆ ಅದು ಬಿಟ್ಟಿರುವುದು ಅಲಂಕಾರವನ್ನು, ಉಳಿದ ಸಾಮಾನ್ಯರ ಪಾಲಿಗೆ ಬಣ್ಣದ ಸಮೃದ್ಧಿಯನ್ನು. ಗ್ರಂಥಕಾರನ ಕಾಲದ ಸ್ತ್ರೀಯರು ಹೇಗಿದ್ದರೋ, ಇಲ್ಲಿ ನಮ್ಮ ಮುಂದಿರುವ ಸ್ತ್ರೀ ಆಭರಣವನ್ನೂ ಬಣ್ಣದ ಆಡಂಬರವನ್ನೂ ಕೈಬಿಟ್ಟು ವರ್ತನೆಯೊಂದನ್ನೇ ಆಜನ್ಮ ಉಪಾಸಿಸಿದವಳು. ಮೆಲ್ಡ್ರಮ್ ಈ ಪ್ರಾಚೀನ ವಚನವನ್ನು ಓದಿದ್ದರೆ ಅದರ ಮೂರನೆಯ ಭಾಗಕ್ಕೆ ಬಹುಶಃ ತಲೆದೂಗುತ್ತಿದ್ದನು. ಆಸ್ಟ್ರೇಲಿಯದ ಪ್ರತಿಷ್ಠಿತ ಆರ್ಚಿಬಾಲ್ಡ್ ಬಹುಮಾನದ 1938ನೆಯ ವರ್ಷದ ಗೌರವವನ್ನು ನೋರಾ ಹೈಸನ್ ಗೆದ್ದು, ಅದನ್ನು ಪಡೆದ ಮೊದಲ ಸ್ತ್ರೀಯಾದಾಗ, ಗಂಡಸರ ಸಮಕ್ಕೆ ಹೆಂಗಸರು ಚಿತ್ರ ಬರೆಯುವರೆಂದು ನಿರೀಕ್ಷಿಸುವುದು ಹುಚ್ಚುತನವೆಂಬ ಅರ್ಥ ಬರುವಂತೆ ಬಹಿರಂಗವಾಗಿ ಮಾತಾಡಿದ ಮಹಾನುಭಾವನು ಆತ. ವಿಚಿತ್ರವೆಂದರೆ, ಅವನ ಸಿದ್ಧಾಂತವನ್ನು ಅವನಿಗಿಂತ ಮುಂದಕ್ಕೆ ಒಯ್ದವರಲ್ಲಿ ಅಗ್ರಗಣ್ಯಳು ಒಬ್ಬ ಹೆಂಗಸೇ. ಗುರುವಿನ ಚಿತ್ರಗಳು ಅನೇಕ ವೇಳೆ ಸಿದ್ಧಾಂತದ ಉದಾಹರಣೆಗಳಾಗಿ ಕಂದುಗಟ್ಟಿ ನಿಲ್ಲುತ್ತವೆ. ಶಿಷ್ಯೆಯ ಚಿತ್ರಗಳಲ್ಲಿ ಗಾಳಿ ಆಡುತ್ತದೆ.

1919ರಲ್ಲಿ ಕುಟುಂಬವು ಮೆಲ್ಬರ್ನಿನ ಆಗ್ನೇಯಕ್ಕಿರುವ ಬೋಮಾರಿಸ್ ಎಂಬ ಕಡಲತೀರದ ಬಡಾವಣೆಗೆ ಬಂದು ನೆಲೆಸಿತು. ಪೋರ್ಟ್ ಫಿಲಿಪ್ ಕೊಲ್ಲಿಯ ಕೆಂಪು ಮಣ್ಣಿನ ದಿಣ್ಣೆಗಳು, ಕೆಳಗೆ ಮರಳು, ದೋಣಿಗಳ ಗುಡಿಸಲು, ಸ್ನಾನದ ಕೊಠಡಿಗಳು, ಆಗತಾನೆ ಡಾಂಬರು ಕಾಣುತ್ತಿದ್ದ ರಸ್ತೆಗಳು. ತಂದೆತಾಯಿಗಳಿಗೆ ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು. ಅವಿವಾಹಿತೆಯಾದ ಮಗಳ ಮೇಲೆ ಮನೆಯ ಭಾರ ಬಿದ್ದಿತು. ಚಿತ್ರ ಬರೆಯಲು ಪ್ರತ್ಯೇಕ ಕೋಣೆ ಬೇಕೆಂದಾಗ ತಂದೆಯು ಅಡಿಗೆಮನೆಯ ಮೇಜು ಸಾಕೆಂದನೆಂದು ಹೇಳುತ್ತಾರೆ. ಸಾಲಗಾರನ ಅರ್ಜಿಯನ್ನು ತಳ್ಳಿಹಾಕುವ ವ್ಯವಸ್ಥಾಪಕನ ಧ್ವನಿ ಇದು; ನಮ್ಮ ವೃತ್ತಿಯವರು ಮನೆಗೆ ಬಂದ ಮೇಲೂ ಮೇಜಿನ ಆ ಬದಿಯಿಂದ ಏಳದಿರುವುದುಂಟು. ಹಗಲೆಲ್ಲ ಮನೆಗೆಲಸ. ನಸುಕಿನಲ್ಲಿ ಮತ್ತು ಸಂಜೆಯಲ್ಲಿ ಆಕೆ ಬಣ್ಣದ ಸಾಮಾನುಗಳನ್ನು ಹೇರಿದ ಪುಟ್ಟ ಗಾಡಿಯೊಂದನ್ನು ಎಳೆದುಕೊಂಡು ತೀರಕ್ಕೆ ಹೋಗುತ್ತಿದ್ದಳು. ಚಿಕ್ಕ ಹಲಗೆ ಅಥವಾ ರಟ್ಟಿನ ಮೇಲೆ, ಒಂದೇ ಕುಳಿತದಲ್ಲಿ, ಒದ್ದೆ ಬಣ್ಣದ ಮೇಲೆ ಒದ್ದೆ ಬಣ್ಣವಿಟ್ಟು ಚಿತ್ರವನ್ನು ಮುಗಿಸುತ್ತಿದ್ದಳು.

ಇಲ್ಲಿಂದಲೇ ಆ ಅನುಕಂಪದ ತರ್ಕ ಹೊರಡುತ್ತದೆ. ಹಗಲು ಸಿಗಲಿಲ್ಲವಾದ್ದರಿಂದ ಮುಂಜಾವು-ಮುಸ್ಸಂಜೆಗಳನ್ನು ಬರೆದಳು. ಹೊತ್ತು ಸಾಲದ್ದರಿಂದ ಚಿತ್ರಗಳು ಚಿಕ್ಕವಾದವು, ವಿವರಗಳು ಮಾಸಿದವು. ಕೇಳಲು ಸರಿಯಾಗಿಯೇ ಇದೆ. ಆದರೆ ಈ ತರ್ಕಕ್ಕೆ ಮೂರು ಕಡೆ ಪೆಟ್ಟು ಬೀಳುತ್ತದೆ. ಛಾಯಾಮಾನವನ್ನೇ ಸರ್ವಸ್ವವೆಂದು ನಂಬಿದ ಶಾಲೆಯನ್ನು ಆಕೆ ಸೇರಿದುದು ಬೋಮಾರಿಸಿಗೆ ಬರುವುದಕ್ಕೆ ಎರಡು ವರ್ಷ ಮೊದಲು. ಆ ಶಾಲೆಯ ದೃಷ್ಟಿಗೆ ನಡುಹಗಲಿಗಿಂತ ನಸುಕೇ ಉತ್ಕೃಷ್ಟ ಪಾಠ, ಏಕೆಂದರೆ ಬೆಳಕು ಕುಗ್ಗಿದಾಗ ಬಣ್ಣಗಳು ಹಿಂದೆ ಸರಿದು ಛಾಯೆಗಳ ಸೂಕ್ಷ್ಮ ಅಂತರ ಮುಂದೆ ಬರುತ್ತದೆ. ಅಲ್ಲದೆ, 1924ರ ಒಂದು ಸಾಮೂಹಿಕ ಪ್ರದರ್ಶನದ ಪಟ್ಟಿಯಲ್ಲಿ ತನ್ನ ಗುರಿಯನ್ನು ಆಕೆಯೇ ಹೇಳಿಕೊಂಡಿದ್ದಾಳೆ: ನಿಸರ್ಗದ ಸೌಂದರ್ಯದ ಒಂದು ತುಣುಕನ್ನು ಪ್ರಾಮಾಣಿಕವಾಗಿ ನಿರೂಪಿಸುವುದು, ನೆಳಲು-ಬೆಳಕುಗಳ ಚೆಲುವನ್ನು ಸರಿಯಾದ ಛಾಯಾಮಾನದಿಂದ ಕಾಣಿಸಿ ನೈಜತೆಯ ಭ್ರಮೆಯನ್ನು ಆದಷ್ಟು ಸಮೀಪದಿಂದ ಮೂಡಿಸುವುದು. ಇದರಲ್ಲಿ ದೂರೂ ಇಲ್ಲ, ಕ್ಷಮಾಯಾಚನೆಯೂ ಇಲ್ಲ. ಅಂತ್ಯದಲ್ಲಿ, 1923ರಲ್ಲಿ ಮೆಲ್ಬರ್ನಿನ ಅಥೀನಿಯಮ್ ಸಭಾಂಗಣದಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನವನ್ನು ನಡೆಸಿದ ಆಕೆ 1933ರ ವರೆಗೆ ಬಹುತೇಕ ಪ್ರತಿವರ್ಷವೂ ಅದನ್ನು ನಡೆಸಿದಳು. ಬಿಡುವಿನ ಹವ್ಯಾಸಿಯ ಕೆಲಸ ಇದಲ್ಲ. ಬಾಡಿಗೆ ಕೊಟ್ಟು, ಚೌಕಟ್ಟು ಕಟ್ಟಿಸಿ, ಪತ್ರಿಕೆಯವರ ಟೀಕೆಗೆ ಎದೆಯೊಡ್ಡಿ, ಮಾರಾಟವಾಗದ ಚಿತ್ರಗಳನ್ನು ಮನೆಗೆ ಹೊತ್ತು ತಂದು, ಮರುವರ್ಷ ಹೊಸ ಚಿತ್ರಗಳೊಡನೆ ಮತ್ತೆ ಅಲ್ಲಿಗೇ ಹೋಗುವುದಕ್ಕೆ ವೃತ್ತಿನಿಷ್ಠೆಯೆಂದು ಹೆಸರು. ಮನೆಯ ನಿರ್ಬಂಧವು ಆಕೆಯಿಂದ ಕಸಿದುಕೊಂಡದ್ದು ಬಹಳ: ದೊಡ್ಡ ಅಳತೆಯ ಚಿತ್ರಗಳನ್ನು, ಪರದೇಶ ಯಾತ್ರೆಯನ್ನು, ಕೊನೆಗೆ ಆರೋಗ್ಯವನ್ನು. ಆದರೆ ಅದು ಆಕೆಗೆ ಕಣ್ಣನ್ನು ಕೊಡಲಿಲ್ಲ.

ಆ ಕಣ್ಣು ಏನನ್ನು ನೋಡಿತು? ಆಕೆಗಿಂತ ಹಿಂದಿನ ಪೀಳಿಗೆಯ ಆಸ್ಟ್ರೇಲಿಯದ ನಿಸರ್ಗಚಿತ್ರಕಾರರು ದೇಶದ ಒಳನಾಡನ್ನು ಬರೆದರು. ನೀಲಗಿರಿ ಮರಗಳ ತೋಪು, ಕುರಿಮಂದೆ, ಬೇಸಗೆಯ ಚಿನ್ನದ ಬಿಸಿಲು. ಅದು ಹೊಸ ರಾಷ್ಟ್ರದ ಅಭಿಮಾನದ ಚಿತ್ರ. ಬೆಕೆಟ್ ಆ ಕಡೆ ತಿರುಗಿ ನೋಡಿದ್ದು ಅಪರೂಪ. ಆಕೆ ಬರೆದುದು ತಂತಿಕಂಬವನ್ನು, ಮೋಟಾರು ಗಾಡಿಯನ್ನು, ಟ್ರ್ಯಾಮನ್ನು, ಮಳೆಯಲ್ಲಿ ಹೊಳೆಯುವ ಡಾಂಬರು ರಸ್ತೆಯನ್ನು. ಇವು ಸುಂದರ ವಸ್ತುಗಳೆಂದು ಅಂದು ಯಾರೂ ಒಪ್ಪುತ್ತಿರಲಿಲ್ಲ. ‘ಒದ್ದೆ ಸಂಜೆ’ ಎಂಬ, ಸುಮಾರು 1927ರದೆಂದು ಗಣಿಸಲಾದ ಚಿತ್ರವು ಇಂದು ಕಾಸಲ್‌ಮೇನ್ ಊರಿನ ಕಲಾಸಂಗ್ರಹಾಲಯದಲ್ಲಿದೆ. ಸುಮಾರು 1930ರ ‘ಸಂಜೆ, ಸೇಂಟ್ ಕಿಲ್ಡಾ ರಸ್ತೆ’ ಸಿಡ್ನಿಯಲ್ಲಿದೆ. ಮಬ್ಬಿನಲ್ಲಿ ಕರಗುವ ಹೆದ್ದಾರಿ, ಗಾಡಿಗಳ ದೀಪ, ಇವಿಷ್ಟರಿಂದಲೇ ಆ ಹೊತ್ತಿನ ತೇವವೂ ತಣ್ಪೂ ನೋಡುವವನ ಮೈಗೆ ತಾಗುತ್ತವೆ. ‘ಯಾರಾ ನದಿಯ ಆಚೆ’, ‘ಸಾಗುವ ಟ್ರ್ಯಾಮುಗಳು’, ‘ಟ್ಯಾಕ್ಸಿ ನಿಲ್ದಾಣ’ ಎಂಬ 1931ರ ಸುಮಾರಿನ ನಗರಚಿತ್ರಗಳೂ ಈ ಜಾತಿಗೆ ಸೇರಿದುವೇ. ಸಂಪೂರ್ಣ ಚಿತ್ರವು ಬೂದಿ, ಊದಾ, ಹಾಲುಗಟ್ಟಿದ ನೀಲಿಗಳಲ್ಲಿ ಸಾಗುತ್ತಿರುವಾಗ ಒಂದು ಕಡೆ ಸಾಸಿವೆಯಷ್ಟು ಕೆಂಪು. ಅದು ಗಾಡಿಯ ಹಿಂದೀಪವಿರಬಹುದು, ಯಾರದೋ ಉಡುಪಿರಬಹುದು. 1932ರ ‘ಕೆಂಪು ಛತ್ರಿ’ಯಲ್ಲಿ ಈ ಉಪಾಯ ಶೀರ್ಷಿಕೆಯನ್ನೇ ಏರಿ ಕುಳಿತಿದೆ.

ಶಿವಾಜಿನಗರದಲ್ಲಿ ವಾಸಿಸುವವರಿಗೆ ವಾತಾವರಣವೆಂಬ ಪದದೊಡನೆ ಒಂದು ಕಟ್ಟಡ ತಾನಾಗಿ ನೆನಪಾಗುತ್ತದೆ. ಭಾರತದ ಹವಾಮಾನ ಇಲಾಖೆಯ ಮುಖ್ಯ ಕಚೇರಿಯು 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂದಿತು. 1944ರಲ್ಲಿ ದಿಲ್ಲಿಗೆ ಹೊರಟುಹೋಯಿತು. ಹೋದರೂ ಕಟ್ಟಡಕ್ಕೆ ‘ಶಿಮ್ಲಾ ಆಫೀಸು’ ಎಂಬ ಹೆಸರೇ ನಿಂತು, ಎದುರಿನ ಚೌಕಕ್ಕೂ ಅದು ಅಂಟಿಕೊಂಡಿತು. ಇಲ್ಲಿ ಗಾಳಿಯ ತೇವವನ್ನೂ ಒತ್ತಡವನ್ನೂ ಅಂಕಿಗಳಲ್ಲಿ ಬರೆದಿಡುತ್ತಿದ್ದ ವರ್ಷಗಳಲ್ಲಿಯೇ ಬೋಮಾರಿಸಿನಲ್ಲಿ ಅದೇ ತೇವವನ್ನು ಒಬ್ಬಳು ಛಾಯೆಯಲ್ಲಿ ಬರೆದಿಡುತ್ತಿದ್ದಳು. ಎರಡೂ ಅಳತೆಯ ಕೆಲಸಗಳೇ. ಆಷಾಢದ ಒಂದು ಸಂಜೆ ದೀಪ ಹೊತ್ತುವ ವೇಳೆಗೆ ಆ ಚೌಕದಲ್ಲಿ ನಿಂತು ಕಣ್ಣನ್ನು ಅರೆಮುಚ್ಚಿ ನೋಡಿದವರಿಗೆ ಮೆಲ್ಡ್ರಮ್ಮನ ಪಾಠ ಪುಸ್ತಕವಿಲ್ಲದೆ ತಿಳಿಯುತ್ತದೆ: ಫಲಕಗಳ ಅಕ್ಷರಗಳು ಮೊದಲು ಹೋಗುತ್ತವೆ, ಅನಂತರ ಕಟ್ಟಡಗಳ ಅಂಚುಗಳು, ಅನಂತರ ಬಣ್ಣಗಳು, ಕೊನೆಗೆ ಉಳಿಯುವುದು ಒದ್ದೆ ನೆಲದ ಬೆಳ್ಳಿ, ಅದರ ಮೇಲೆ ಮನುಷ್ಯರ ಕಪ್ಪು, ಅದರ ಹಿಂದೆ ಆಕಾಶದ ಬೂದಿ. ಪುಣೆಯ ಮಳೆಗೆ ಇಂಥ ಚಿತ್ರಕಾರರು ಇನ್ನೂ ಹೆಚ್ಚು ದೊರೆಯಬೇಕಾಗಿತ್ತು.

ಸಮಕಾಲೀನ ಪತ್ರಿಕೆಗಳು ಆಕೆಯ ಚಿತ್ರಗಳ ಮೇಲೆ ಹೊರಿಸಿದ ಮುಖ್ಯ ಆಪಾದನೆ ಮಂಜಿನದು. ಆದರೆ ಮಂಜು ನಿಂದೆಯ ಮಾತಾಗಿ ಬಳಕೆಯಾದುದು ಅಲ್ಲಿ ಮಾತ್ರವಲ್ಲ. ಲಂಡನ್ನಿನ ರಾತ್ರಿಗಳನ್ನು ಮಬ್ಬಿನಲ್ಲಿ ಬರೆದ ವಿಸ್ಲರನು, ವಿಮರ್ಶಕ ರಸ್ಕಿನ್ನನ ಮೇಲೆ ಹೂಡಿದ ಮಾನನಷ್ಟದ ಮೊಕದ್ದಮೆಯನ್ನು 1878ರಲ್ಲಿ ಗೆದ್ದು ಪರಿಹಾರವಾಗಿ ಪಡೆದುದು ಒಂದು ಫಾರ್ದಿಂಗ್. ನಮ್ಮ ಲೆಕ್ಕದಲ್ಲಿ ಮುಕ್ಕಾಸಿಗೂ ಸಾಲದ ಮೊತ್ತ. ಜಪಾನಿನಲ್ಲಿ ಯೊಕೊಯಾಮ ತೈಕಾನ್ ಮತ್ತು ಹಿಷಿದ ಶುನ್ಸೊ ರೇಖೆಯನ್ನು ತ್ಯಜಿಸಿ ಬಣ್ಣದ ನೀರನ್ನು ಹರಡತೊಡಗಿದಾಗ ಅಲ್ಲಿಯ ಟೀಕಾಕಾರರು ಅದನ್ನು ‘ಮೊರೊತಾಯ್’, ಅಂದರೆ ಅಸ್ಪಷ್ಟ ಶೈಲಿ, ಎಂದು ಹಾಸ್ಯ ಮಾಡಿದರು. ಆ ಇಬ್ಬರೂ 1903ರಲ್ಲಿ ಕಲ್ಕತ್ತೆಗೆ ಬಂದು ಠಾಕೂರರ ಮನೆಯ ಸಂಪರ್ಕ ಬೆಳೆಸಿದರು. ಅವರ ವಿಧಾನವನ್ನು ಕಂಡ ಅವನೀಂದ್ರನಾಥರು ಕಾಗದವನ್ನು ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಬಣ್ಣ ಕೊಟ್ಟು, ಮತ್ತೆ ಅದ್ದುವ ತಮ್ಮದೇ ಆದ ಕ್ರಮವನ್ನು ರೂಪಿಸಿಕೊಂಡರು. ಮೈಸೂರು ಅರಮನೆಯ ಆಶ್ರಯದಿಂದ 1909ರಲ್ಲಿ ಕಲ್ಕತ್ತೆಗೆ ಹೋದ ವೆಂಕಟಪ್ಪನವರು ಕಲಿತುದು ಈ ಕ್ರಮವನ್ನು. ಹೀಗೆ ಟೋಕಿಯೋದಲ್ಲಿ ಬೈಗುಳವಾಗಿದ್ದ ಮಬ್ಬು ಕಲ್ಕತ್ತೆಯ ಮಾರ್ಗವಾಗಿ ಉದಕಮಂಡಲದ ಸರೋವರದ ಮೇಲೆ ಬಂದು ನಿಂತಿತು.

ವೆಂಕಟಪ್ಪನವರ ಬೆಟ್ಟದ ಚಿತ್ರಗಳನ್ನು ಬೆಕೆಟ್ಟಳ ಚಿತ್ರಗಳ ಪಕ್ಕದಲ್ಲಿಟ್ಟು ನೋಡುವುದು ಲಾಭದಾಯಕ. ಚಿತ್ರಗಾರ ಮನೆತನದಲ್ಲಿ ಹುಟ್ಟಿದ ವೆಂಕಟಪ್ಪನವರ ಕೈಯಲ್ಲಿ ಸೂಕ್ಷ್ಮರೇಖೆಯ ಸಂಸ್ಕಾರ ರಕ್ತಗತವಾಗಿತ್ತು. ಅವರು ಮಂಜನ್ನು ಬರೆದರೂ ಮಂಜಿನ ಹಿಂದಿರುವ ಮರದ ಎಲೆಗಳ ಲೆಕ್ಕ ಅವರಿಗೆ ಗೊತ್ತಿರುತ್ತದೆ; ಅವರ ಮೋಡಗಳಿಗೆ ಕೂಡ ಒಂದು ಶಿಸ್ತು ಇದೆ. ದಿನಚರಿಯನ್ನು ಕೂಲಂಕಷವಾಗಿ ಬರೆದಿಡುತ್ತಿದ್ದ, ವೀಣೆ ಶೇಷಣ್ಣನವರಲ್ಲಿ ವೀಣೆಯ ಸಾಧನೆ ಮಾಡಿದ ಆ ಕಠೋರವ್ರತಿಯು ಚಿತ್ರವನ್ನು ತಾಳ್ಮೆಯಿಂದ ಪದರಪದರವಾಗಿ ಕಟ್ಟುತ್ತಿದ್ದರು. ಬೆಕೆಟ್ಟಳದು ಒಂದೇ ಉಸಿರಿನ ಕೆಲಸ. ಅವರು ಪ್ರವಾಸ ಹೋಗಿ, ಎತ್ತರದ ಗಿರಿಧಾಮದಲ್ಲಿ ಅಪೂರ್ವ ದೃಶ್ಯವನ್ನು ಅರಸಿದರು: ಪೂರ್ಣಿಮೆ, ಮಳೆಬಿಲ್ಲು, ಬರುತ್ತಿರುವ ಬಿರುಗಾಳಿ. ಆಕೆ ತನ್ನ ಮನೆಯಿಂದ ನಡೆದು ತಲಪಬಹುದಾದ ಒಂದೆರಡು ಮೈಲಿಯೊಳಗಿನ ಅದೇ ರಸ್ತೆಯನ್ನು, ಅದೇ ಕೊಲ್ಲಿಯನ್ನು ನೂರಾರು ಸಲ ಬರೆದಳು. ಅಪೂರ್ವತೆ ದೃಶ್ಯದಲ್ಲಿರಲಿಲ್ಲ, ಗಳಿಗೆಯಲ್ಲಿತ್ತು. ಇಬ್ಬರಲ್ಲಿ ಯಾರು ಹೆಚ್ಚೆಂಬ ತೀರ್ಮಾನ ಅನಗತ್ಯ. ಕೈಯ ನಯದಲ್ಲಿ ವೆಂಕಟಪ್ಪನವರನ್ನು ಮೀರಿಸುವವರು ವಿರಳ. ಆದರೆ ದೈನಂದಿನವನ್ನು, ಅದರಲ್ಲೂ ನಗರದ ದೈನಂದಿನವನ್ನು, ಕಾಣುವ ಧೈರ್ಯ ಆಕೆಯಲ್ಲಿ ಹೆಚ್ಚಾಗಿತ್ತೆಂದು ನಾನು ಸಂಕೋಚವಿಲ್ಲದೆ ಹೇಳುವೆನು.

ಆ ಕಾಲದ ನಮ್ಮ ಸ್ತ್ರೀಯರಲ್ಲಿ ಇಂಥ ನಿಸರ್ಗಚಿತ್ರಕರ್ತ್ರಿಯರು ಏಕೆ ಹೆಚ್ಚಾಗಿ ಕಾಣುವುದಿಲ್ಲ? ಪ್ರತಿಭೆಯ ಅಭಾವವೆಂದು ಯಾರೂ ಹೇಳಲಾರರು. ರಾಜಾ ರವಿವರ್ಮನ ತಂಗಿ ಮಂಗಳಾಬಾಯಿ ಭಾವಚಿತ್ರ ಬರೆದಳು. ಅವನೀಂದ್ರನಾಥರ ತಂಗಿ ಸುನಯನೀ ದೇವಿ (1875-1962) ಮೂವತ್ತು ದಾಟಿದ ಮೇಲೆ, ಯಾರ ಶಿಕ್ಷಣವೂ ಇಲ್ಲದೆ, ತುಂಬಿದ ಸಂಸಾರದ ನಡುವೆ ಕುಳಿತು ದೇವತೆಗಳನ್ನೂ ಅಂತಃಪುರದ ಮುಖಗಳನ್ನೂ ಬರೆದು, 1922ರಲ್ಲಿ ಕಲ್ಕತ್ತೆಯಲ್ಲಿ ಜರ್ಮನಿಯ ಬೌಹೌಸ್ ಕಲಾವಿದರ ಕೃತಿಗಳೊಡನೆ ತನ್ನವನ್ನೂ ಪ್ರದರ್ಶಿಸುವಷ್ಟು ಮನ್ನಣೆ ಪಡೆದಳು. ಮುಂಬಯಿಯ ಅಂಬಿಕಾ ಧುರಂಧರ್ (1912-2009) ಜೆ. ಜೆ. ಕಲಾಶಾಲೆಯ ಪದವಿ ಪಡೆದು ತಂದೆಯ ಮಾರ್ಗದಲ್ಲಿ ನಡೆದಳು. ಇವರಲ್ಲಿ ಬಹುಮಟ್ಟಿಗೆ ಕಾಣುವುದು ಮನುಷ್ಯಾಕೃತಿ. ಮನುಷ್ಯಾಕೃತಿಯನ್ನು ಒಳಗೆ ಕುಳಿತು ಬರೆಯಬಹುದು. ಮುಸ್ಸಂಜೆಯನ್ನು ಬರೆಯಬೇಕಾದರೆ ಮುಸ್ಸಂಜೆಯಲ್ಲಿ ಹೊರಗೆ ನಿಲ್ಲಬೇಕು; ಒಬ್ಬಳೇ ನಿಲ್ಲಬೇಕು; ಹೋಗುವವರು ಬರುವವರು ನೋಡುತ್ತಿರಲು ಗಂಟೆಗಟ್ಟಲೆ ನಿಲ್ಲಬೇಕು. ಮಹರ್ಷಿ ಕರ್ವೆಯವರು ಮಹಿಳಾ ವಿದ್ಯಾಪೀಠವನ್ನು 1916ರಲ್ಲಿ ಸ್ಥಾಪಿಸಿದ ಈ ಪುಣೆಯಲ್ಲಿಯೂ ಮುಠಾ ನದಿಯ ದಂಡೆಯ ಮೇಲೆ ಹೆಂಗಸೊಬ್ಬಳು ಸಂಜೆಗತ್ತಲಲ್ಲಿ ಫಲಕ ಹೂಡಿ ನಿಲ್ಲುವುದು ಅಂದು ಸುಲಭದ ಮಾತಾಗಿರಲಿಲ್ಲ. ಓದಲು ಶಾಲೆ ತೆರೆಯಿತು. ನಿಲ್ಲಲು ಬೀದಿ ತೆರೆದಿರಲಿಲ್ಲ. ವಿದೇಶೀ ಸ್ತ್ರೀಯರಿಗೆ ಆ ಅಡ್ಡಿ ಇರಲಿಲ್ಲವಾದ್ದರಿಂದಲೇ ಮೇರಿಯನ್ ನಾರ್ತ್ 1877ರಿಂದ 1879ರ ವರೆಗೆ ಭಾರತವನ್ನೆಲ್ಲ ಸುತ್ತಿ ಗಿಡಮರಗಳನ್ನು ಬರೆಯಲು ಸಾಧ್ಯವಾಯಿತು. ಬೆಕೆಟ್ಟಳಿಗೆ ಮನೆಯಲ್ಲಿ ಕೋಣೆ ಇರಲಿಲ್ಲ, ನಿಜ. ಆದರೆ ಆಕೆಗೆ ಬೀದಿ ಇತ್ತು. ಅನುಕಂಪದಿಂದ ಬರೆಯುವವರು ಮರೆಯುವ ಅಂಶ ಇದು, ಮತ್ತು ನಮ್ಮ ಕಡೆಯಿಂದ ನೋಡಿದಾಗ ಮೊದಲು ಕಾಣುವ ಅಂಶವೂ ಇದೇ.

1935ರ ಚಳಿಗಾಲದಲ್ಲಿ (ಅಲ್ಲಿ ಜೂನ್-ಜುಲೈ ಚಳಿಗಾಲ) ಬಿರುಗಾಳಿಯ ಕಡಲನ್ನು ಬರೆಯಹೋಗಿ ನೆನೆದು, ಪುಪ್ಪುಸದ ಉರಿಯೂತಕ್ಕೆ ತುತ್ತಾಗಿ, ಜುಲೈ 7ರಂದು ಸ್ಯಾಂಡ್ರಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ಆಕೆ ತೀರಿಕೊಂಡಳು. ವಯಸ್ಸು ನಲವತ್ತೆಂಟು. ಮರುವರ್ಷ ಅಥೀನಿಯಮ್ಮಿನಲ್ಲಿಯೇ ಸ್ಮಾರಕ ಪ್ರದರ್ಶನ ನಡೆಯಿತು. ಅನಂತರ ಮೌನ. ಉಳಿದ ಚಿತ್ರಗಳು ಹಳ್ಳಿಗಾಡಿನ ಆ ಕೊಟ್ಟಿಗೆಯನ್ನು ಸೇರಿದವು.

ಬ್ಯಾಂಕಿನ ಗುಮಾಸ್ತನ ಅಭ್ಯಾಸದಿಂದ ಒಂದು ಲೆಕ್ಕ ಹಾಕುತ್ತೇನೆ. ಎರಡು ಸಾವಿರಕ್ಕೆ 369 ಎಂದರೆ ನೂರಕ್ಕೆ ಹದಿನೆಂಟೂವರೆ. ಐದು ಚಿತ್ರಗಳಲ್ಲಿ ನಾಲ್ಕು ಹೋದವು. ಆಕೆಯ ಕಲೆಯ ಬಗ್ಗೆ ನಾವಾಡುವ ಪ್ರತಿಯೊಂದು ಮಾತೂ ಈ ಐದನೆಯ ಒಂದು ಪಾಲನ್ನು ಆಧರಿಸಿದ್ದು. ಇಲಿಗಳು ತಿಂದ ಭಾಗದಲ್ಲಿ ಬೇರೊಬ್ಬ ಬೆಕೆಟ್ ಇದ್ದಿರಲೂಬಹುದು. ವೆಂಕಟಪ್ಪನವರು ಅರಮನೆಯೊಡನೆ ವ್ಯಾಜ್ಯವಾಡಿ, ಒಂಟಿಯಾಗಿ ಬಾಳಿ, 1965ರಲ್ಲಿ ಕಣ್ಮುಚ್ಚಿದರೂ ಅವರ ಹೆಸರಿನಲ್ಲಿ ಸರಕಾರವು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಚಿತ್ರಶಾಲೆಯನ್ನು ಕಟ್ಟಿಸಿತು. ಅವರ ಕೃತಿಗಳಿಗೆ ಒಂದು ಸೂರು ದೊರೆಯಿತು. ಕೊಲ್ಲಾಪುರದ ಅಬಾಲಾಲ್ ರಹಿಮಾನ್, ಕೋಟಿತೀರ್ಥದ ನೀರನ್ನೂ ಸಂಜೆಯನ್ನೂ ಅಸಾಧಾರಣವಾಗಿ ಬರೆದವನು, 1931ರಲ್ಲಿ ಬಡತನದಲ್ಲಿ ತೀರಿಕೊಂಡನು. ಅವನ ರಚನೆಗಳು ಚೆಲ್ಲಾಪಿಲ್ಲಿಯಾದುವು. ಪುಣೆಯ ಪೇಠೆಗಳಲ್ಲಿ ಹಳೆಯ ವಾಡೆಗಳು ಒಂದೊಂದಾಗಿ ಉರುಳಿ ಅಟ್ಟದ ಪೆಟ್ಟಿಗೆಗಳು ಜುನಾ ಬಾಜಾರಿಗೆ ಸಾಗುವಾಗ, ಅವುಗಳಲ್ಲಿ ನಮ್ಮವರ ಮನೆಯ ಹೆಂಗಸರು ಬರೆದ ಹಾಳೆಗಳೂ ಇರಬಹುದೆಂದು ತೆರೆದು ನೋಡುವವರು ಬೇಕು. ಬೆಕೆಟ್ಟಳ ಪಾಲಿಗೆ ಅಂಥವರು ಇಬ್ಬರು ದೊರೆತರು: ತಂಗಿ ಹಿಲ್ಡಾ ಮತ್ತು ಚಿತ್ರಶಾಲೆಯ ಒಡತಿ ರೋಸಲಿಂಡ್ ಹಾಲಿನ್‌ರೇಕ್. ತಂಗಿಯು ಕೆಲವು ಚಿತ್ರಗಳನ್ನು ಹಾಲಿನ್‌ರೇಕಳ ಬಳಿಗೆ ತಂದಳು. ಕೊಟ್ಟಿಗೆಯ ದಾರಿ ತೆರೆದುದು ಆಮೇಲೆ. 1971ರಲ್ಲಿ ಮೆಲ್ಬರ್ನಿನಲ್ಲಿ ಪ್ರದರ್ಶನವಾಯಿತು. ಕ್ಯಾನ್‌ಬೆರಾದ ರಾಷ್ಟ್ರೀಯ ಸಂಗ್ರಹಕ್ಕೆ ಅದರಿಂದ ಚಿತ್ರಗಳನ್ನು ಕೊಂಡರು. 2021ರಲ್ಲಿ ಅಡಿಲೇಡಿನ ಚಿತ್ರಶಾಲೆಯು ಸುಮಾರು 130 ಚಿತ್ರಗಳನ್ನು ಒಟ್ಟುಗೂಡಿಸಿ ಬೃಹತ್ ಪ್ರದರ್ಶನವನ್ನು ಏರ್ಪಡಿಸಿತು.

ಪುನರುದ್ಧಾರದೊಡನೆ ಹೊಸ ವ್ಯಾಖ್ಯಾನಗಳೂ ಬಂದಿವೆ. ಆಕೆಗೆ ಥಿಯಾಸಫಿಯಲ್ಲಿ ಆಸಕ್ತಿ ಇತ್ತಾದ್ದರಿಂದ ಮಂಜನ್ನು ಮಾಯೆಯೆಂದೂ ಬೆಳಕನ್ನು ಬ್ರಹ್ಮವೆಂದೂ ಓದುವವರಿದ್ದಾರೆ. ಅಡ್ಯಾರಿನ ಹೆಸರು ಕೇಳಿದೊಡನೆ ನಮ್ಮವರಿಗೂ ಈ ಓದು ಹಿತವೆನಿಸೀತು. ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಛಾಯೆಯ ಅಳತೆಯನ್ನು ಇಷ್ಟು ನಿಷ್ಠುರವಾಗಿ ಪಾಲಿಸಿದವಳಿಗೆ ಜಗತ್ತು ಮಿಥ್ಯೆಯಾಗಿ ಕಂಡಿರಲಾರದು. ಕನ್ನಡನಾಡಿಗೆ ತಾಗುವ ಒಂದು ಎಳೆ ಬೇಕಾದವರಿಗೆ ಇಷ್ಟು ಹೇಳಬಹುದು: ಆಕೆಯ ಚಿತ್ರಗಳು ಆಕೆಯ ಜೀವಿತಕಾಲದಲ್ಲಿ ಸ್ವದೇಶದ ಗಡಿ ದಾಟಿ ಹೋದುದು ನ್ಯೂಯಾರ್ಕಿನ ರೋರಿಕ್ ಸಂಗ್ರಹಾಲಯದ 1931ರ ಆಸ್ಟ್ರೇಲಿಯನ್ ಪ್ರದರ್ಶನಕ್ಕೆ. ಆ ರೋರಿಕ್ ಮನೆತನದ ಸ್ವೆತೊಸ್ಲಾವ್ ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ದೇವಿಕಾರಾಣಿಯೊಡನೆ ನೆಲೆಸಿದುದನ್ನು ವಾಚಕರು ಬಲ್ಲರು.

ಇನ್ನು ಮುಂದೆ ನಡೆಯಬೇಕಾದ ಸಂಶೋಧನೆ ಕಾಲನಿರ್ಣಯದ್ದು. ಸಂಗ್ರಹಾಲಯಗಳ ಪಟ್ಟಿಗಳಲ್ಲಿ ಆಕೆಯ ಬಹುಪಾಲು ಚಿತ್ರಗಳ ಇಸವಿಯ ಹಿಂದೆ ‘ಸುಮಾರು’ ಎಂಬ ಪದವಿದೆ. ಕಲೆಯ ಬೆಳೆವಣಿಗೆ ಯಾವ ಕ್ರಮದಲ್ಲಿ ಆಯಿತು, ಕೊನೆಯ ವರ್ಷಗಳಲ್ಲಿ ಆಕೆ ಎಷ್ಟು ಸರಳತೆಗೆ ಬಂದಳು ಎಂಬ ಪ್ರಶ್ನೆಗಳೆಲ್ಲ ಇದನ್ನು ಅವಲಂಬಿಸಿವೆ. ಮೋಟಾರು ಗಾಡಿಗಳ ಮಾದರಿಯಿಂದ ಇಸವಿಯನ್ನು ಊಹಿಸಬಹುದೆಂದು ತೋರಬಹುದು. ಬೇರೊಬ್ಬ ಚಿತ್ರಕಾರನ ವಿಷಯದಲ್ಲಿ ಅದು ಸಾಧ್ಯವಾಗುತ್ತಿತ್ತು. ಆದರೆ ಆಕೆ ಮೋಟಾರನ್ನು ಮೋಟಾರೆಂದು ಬರೆದವಳಲ್ಲ. ಒದ್ದೆ ರಸ್ತೆಯ ಮೇಲೆ ಅದು ಒಂದು ಕಪ್ಪು ಮಚ್ಚೆ, ಎರಡು ದೀಪ.